ಬಸ್ಸು ದುಡಿದು ಟ್ಯೂಬ್ ಸಾಕಿದ ಕಥೆ

ಲಂಡನ್ನಿನ ನೆಲದಡಿಯ ರೈಲಿನ, ಅಂದರೆ ‘ಟ್ಯೂಬ್’ನ, ರಸೆಲ್ ಸ್ಕ್ವೇರ್ ಸ್ಟೇಷನ್ನನ್ನು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಬೇಕು. ಬಾಡಿದ ದಾಸವಾಳದಂಥ ದಟ್ಟ ಕೆಂಪು ಟೈಲ್ಸ್, ಹೊಳಪು ಇನ್ನೂ ಹೋಗಿಲ್ಲ. ಎರಡೇ ಅಂತಸ್ತು. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಅರ್ಧಚಂದ್ರಾಕಾರದ ದೊಡ್ಡ ಕಿಟಕಿಗಳು. ಕಿಟಕಿ ನೋಡಿ ಒಳಗೆ ಆಫೀಸು ಇರಬೇಕು ಅಂದುಕೊಳ್ಳುತ್ತೇವೆ. ಅಲ್ಲ, ಅದು ಲಿಫ್ಟಿನ ಮೋಟಾರುಗಳಿಗೆ ಅಂತ ಮಾಡಿದ ಜಾಗ. ಅದರ ಮೇಲೆ ಚಪ್ಪಟೆ ತಾರಸಿ.

ಆ ತಾರಸಿಯಲ್ಲೇ ಗುಟ್ಟಿದೆ. ಇಷ್ಟು ಸಣ್ಣ ಕಟ್ಟಡಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಗಟ್ಟಿಯಾದ ಉಕ್ಕಿನ ಚೌಕಟ್ಟು ಹಾಕಿದ್ದಾರೆ. ಮುಂದೆ ಯಾರಾದರೂ ಬಂದು ಮೇಲೆ ಮಹಡಿ ಕಟ್ಟಿಸಲಿ, ಅದರಿಂದ ನಮಗೂ ನಾಲ್ಕು ಕಾಸು ಬರಲಿ ಎಂಬ ಲೆಕ್ಕ. ಬೆಂಗಳೂರಿನಲ್ಲಿ ಬಸ್ ನಿಲ್ದಾಣದ ಮೇಲೆ ಅಂಗಡಿ, ಆಫೀಸುಗಳಿಗೆ ಜಾಗ ಮಾಡಿ ಟಿಟಿಎಂಸಿ ಕಟ್ಟಿದರಲ್ಲ, ಅದೇ ಯೋಚನೆ, ನೂರು ವರ್ಷ ಮೊದಲು. ಲೆಸ್ಲಿ ಗ್ರೀನ್ ಎಂಬ ಆರ್ಕಿಟೆಕ್ಟ್ ಇಂಥ ಕೆಂಪು ಸ್ಟೇಷನ್ನುಗಳನ್ನು ನಾಲ್ಕೈದು ವರ್ಷಗಳಲ್ಲಿ ಡಜನ್‌ಗಟ್ಟಲೆ ಮಾಡಿಕೊಟ್ಟು, 1908ರಲ್ಲಿ ಇನ್ನೂ 33 ವಯಸ್ಸಿಗೇ ತೀರಿಕೊಂಡ.

ರೈಲು ಓಡುವ ಮೊದಲೇ ಬಾಡಿಗೆಯ ಯೋಚನೆ ಯಾಕೆ ಬಂತು? ಯಾಕೆಂದರೆ ನೆಲದಡಿಯ ರೈಲು ತನ್ನ ಟಿಕೆಟ್ ದುಡ್ಡಿನಲ್ಲಿ ತಾನೇ ಬದುಕುವುದು ಬಹಳ ಕಷ್ಟ. ಈ ಪಾಠವನ್ನು ಮೈಮೇಲೆ ಬರೆ ಎಳೆಸಿಕೊಂಡು ಕಲಿತ ಕಂಪನಿಯ ಹೆಸರು ಅಂಡರ್‌ಗ್ರೌಂಡ್ ಎಲೆಕ್ಟ್ರಿಕ್ ರೈಲ್ವೇಸ್ ಕಂಪನಿ ಆಫ್ ಲಂಡನ್. 1902ರಲ್ಲಿ ಹುಟ್ಟಿ 1933ರಲ್ಲಿ ಕಣ್ಣು ಮುಚ್ಚಿತು. ಈ 31 ವರ್ಷಗಳಲ್ಲಿ ಅದು ಮೂರು ಸುರಂಗ ರೈಲು ಕಟ್ಟಿತು, ರಸ್ತೆಯ ಹಳಿ ಮೇಲೆ ಓಡುವ ಹೊರವಲಯದ ಟ್ರಾಮ್‌ಗಳನ್ನು ಕೊಂಡಿತು, ದಿವಾಳಿಯ ಅಂಚಿಗೆ ಹೋಗಿ ವಾಪಸ್ ಬಂತು, ಬಸ್ಸುಗಳನ್ನು ನುಂಗಿತು. ಹೆಸರು ಉದ್ದವಾಯಿತು ಅಂತಲೋ ಏನೋ, ಜನ ಅದನ್ನು ಸುಮ್ನೆ ‘ಕಂಬೈನ್’ ಎಂದು ಕರೆದರು.

ಮೊದಲು ಊರಿನ ನಕ್ಷೆ ತಲೆಯಲ್ಲಿ ಕೂರಬೇಕು. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಉಗಿಬಂಡಿಯ ರೈಲುಗಳಿಗೆ ಊರ ನಡುಮಧ್ಯೆ ಪ್ರವೇಶವಿರಲಿಲ್ಲ. 1846ರಲ್ಲೇ ಒಂದು ರಾಯಲ್ ಕಮಿಷನ್ ಬೇಡ ಎಂದಿತ್ತು. ಅದಕ್ಕೇ ದೊಡ್ಡ ದೊಡ್ಡ ಟರ್ಮಿನಸ್‌ಗಳೆಲ್ಲ ಅಂಚಿನಲ್ಲಿ ಸುತ್ತುಗಟ್ಟಿ ನಿಂತಿವೆ. ಟ್ರಾಮ್‌ಗಳ ಪಾಡೂ ಹೆಚ್ಚು ಕಡಿಮೆ ಅದೇ. ಶ್ರೀಮಂತರ ವೆಸ್ಟ್ ಎಂಡಿಗೂ ಬ್ಯಾಂಕುಗಳಿರುವ ಸಿಟಿಗೂ ಅವನ್ನು ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ಟ್ರಾಮ್ ಎಂದರೆ ಹೊರವಲಯದ ಗಾಡಿ. ಊರೊಳಗೆ ಹೋಗಬೇಕಾದವರು ಎಲ್ಲೋ ಒಂದು ಕಡೆ ಇಳಿದು ಕುದುರೆ ಬಸ್ಸು ಹತ್ತಬೇಕು, ಇಲ್ಲವೇ ಕಾಲ್ನಡಿಗೆ.

ಮೇಲೆ ಜಾಗವಿಲ್ಲದಿದ್ದರೆ ಕೆಳಗೆ ಹೋಗಬೇಕು, ಅಲ್ವಾ? ಹೋದರು. 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಮೆಟ್ರೊಪಾಲಿಟನ್ ರೈಲ್ವೆ ಶುರುವಾಯಿತು. ಜಗತ್ತಿನ ಮೊದಲ ನೆಲದಡಿಯ ರೈಲು. ಆದರೆ ಅದು ಕೊರೆದ ಸುರಂಗವಲ್ಲ. ರಸ್ತೆ ಅಗೆದು, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮುಚ್ಚಿದ ಕಾಲುವೆ. ಅದರೊಳಗೆ ಉಗಿಬಂಡಿ. ಹೊಗೆ ಹೇಗಿದ್ದಿರಬಹುದು ಊಹಿಸಿಕೊಳ್ಳಿ. 1868ರಲ್ಲಿ ಇನ್ನೊಂದು ಕಂಪನಿ ಡಿಸ್ಟ್ರಿಕ್ಟ್ ರೈಲ್ವೆ ಎಂಬ ಹೆಸರಲ್ಲಿ ದಕ್ಷಿಣದ ಕಡೆಯಿಂದ ಬಂತು. ಇವೆರಡೂ ಸೇರಿ 1884ರಲ್ಲಿ ಒಂದು ಸುತ್ತು ಪೂರ್ಣ ಮಾಡಿದವು, ದಾರಿಯುದ್ದಕ್ಕೂ ದಾಯಾದಿಗಳ ಹಾಗೆ ಕಿತ್ತಾಡಿಕೊಂಡು.

ನಿಜವಾದ ‘ಟ್ಯೂಬ್’ ಬೇರೆ. ಅದು ತುಂಬ ಆಳದಲ್ಲಿ, ಯಾರ ಮನೆ ಪಾಯಕ್ಕೂ ತಗುಲದ ಹಾಗೆ ಕೊರೆದ ಕೊಳವೆ. ದುಂಡನೆಯ ಕಬ್ಬಿಣದ ಗುರಾಣಿಯೊಂದನ್ನು ಮಣ್ಣಿಗೆ ಒತ್ತುತ್ತಾ ಹೋಗುವುದು. ಅದರ ರಕ್ಷಣೆಯಲ್ಲಿ ನಿಂತ ಕೂಲಿಯಾಳು ಎದುರಿನ ಜೇಡಿ ಕಡಿಯುತ್ತಾನೆ. ಹಿಂದಿನವರು ಎರಕದ ಕಬ್ಬಿಣದ ಉಂಗುರ ಜೋಡಿಸಿ ಬೋಲ್ಟ್ ಬಿಗಿಯುತ್ತಾರೆ. ಲಂಡನ್ನಿನ ಜೇಡಿಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು: ಕಡಿಯಲು ಮೆತ್ತಗೆ, ಕುಸಿಯದಷ್ಟು ಅಂಟು. ನಮ್ಮ ಮೆಟ್ರೋ ಸುರಂಗ ಕೊರೆದ ಯಂತ್ರಗಳೂ ಇದೇ ಗುರಾಣಿಯ ಮೊಮ್ಮಕ್ಕಳೇ. ಏನು ಮಾಡುವುದು, ಬೆಂಗಳೂರಿನಡಿ ಅವಕ್ಕೆ ಸಿಕ್ಕಿದ್ದು ಜೇಡಿಯಲ್ಲ, ಗ್ರಾನೈಟು.

ಆಳಕ್ಕೆ ಹೋದರೆ ಹೊಗೆ ಬಿಡುವ ಹಾಗಿಲ್ಲ. ಆದ್ದರಿಂದ ಟ್ಯೂಬಿಗೆ ಕರೆಂಟೇ ಗತಿ. 1890ರಲ್ಲಿ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ ಅದನ್ನು ಮಾಡಿ ತೋರಿಸಿತು. 1900ರಲ್ಲಿ ಬಂದ ಸೆಂಟ್ರಲ್ ಲಂಡನ್ ರೈಲ್ವೆ ಎಲ್ಲಿಂದ ಎಲ್ಲಿಗೆ ಹೋದರೂ ಎರಡೇ ಪೆನ್ನಿ ಎಂದಿತು. ಜನ ಮುಗಿಬಿದ್ದರು. ಅದನ್ನು ನೋಡಿ ಹೂಡಿಕೆದಾರರ ಬಾಯಲ್ಲೂ ನೀರೂರಿತು.

ಆದರೆ ಟ್ಯೂಬ್ ಕಟ್ಟಬೇಕಾದರೆ ಪಾರ್ಲಿಮೆಂಟ್ ಒಂದು ಕಾಯ್ದೆಯನ್ನೇ ಪಾಸು ಮಾಡಬೇಕಿತ್ತು. ಎಷ್ಟೋ ಜನ ಆ ಕಾಯ್ದೆ ಗಿಟ್ಟಿಸಿಕೊಂಡು, ದುಡ್ಡು ಹುಟ್ಟದೆ ಕೂತಿದ್ದರು. ಚೇರಿಂಗ್ ಕ್ರಾಸ್‌ನಿಂದ ಹ್ಯಾಂಪ್‌ಸ್ಟೆಡ್‌ಗೆ ಹೋಗುವ ಮಾರ್ಗಕ್ಕೆ 1893ರಲ್ಲೇ ಅನುಮತಿ ಸಿಕ್ಕಿತ್ತು. ಏಳು ವರ್ಷ ಕಳೆದರೂ ಅದು ಕಾಗದದ ಮೇಲಿನ ರೈಲು.

ಈ ಕಾಗದದ ರೈಲನ್ನು ಕೊಂಡವನು ಅಮೆರಿಕದ ಚಾರ್ಲ್ಸ್ ಟೈಸನ್ ಯರ್ಕಿಸ್. ಫಿಲಡೆಲ್ಫಿಯಾದವನು. ಸಾರ್ವಜನಿಕ ದುಡ್ಡು ಗುಳುಂ ಮಾಡಿದ ಕೇಸಿನಲ್ಲಿ ಚಿಕ್ಕ ವಯಸ್ಸಲ್ಲೇ ಜೈಲು ಕಂಡವನು. ಆಮೇಲೆ ಷಿಕಾಗೋಗೆ ಹೋಗಿ ಅಲ್ಲಿನ ಟ್ರಾಮ್‌ಗಳನ್ನು ಕೈಗೆ ತೆಗೆದುಕೊಂಡು, ಊರ ನಡುವೆ ಎತ್ತರದ ರೈಲಿನ ಸುತ್ತು ಕಟ್ಟಿಸಿದ. ಅಲ್ಲಿನ ರಾಜಕಾರಣಿಗಳಿಗೆ ಲಂಚ ತಿನ್ನಿಸುತ್ತಾನೆ ಎಂದು ಊರಿಗೆ ಊರೇ ತಿರುಗಿಬಿದ್ದ ಮೇಲೆ ಇದ್ದಬದ್ದದ್ದನ್ನು ಮಾರಿ ಹೊರಟುಬಂದ. 1900ರ ಸೆಪ್ಟೆಂಬರಿನಲ್ಲಿ 1 ಲಕ್ಷ ಪೌಂಡಿಗೆ ಹ್ಯಾಂಪ್‌ಸ್ಟೆಡ್ ಮಾರ್ಗದ ಹಕ್ಕು ಅವನ ಕೈ ಸೇರಿತು. ಮುಂದಿನ ವರ್ಷ ಡಿಸ್ಟ್ರಿಕ್ಟ್ ರೈಲ್ವೆ. ಆಮೇಲೆ ಪಿಕಡಿಲಿ ಕಡೆಯ ಎರಡು ಕಾಗದದ ರೈಲುಗಳನ್ನು ಕೊಂಡು ಒಂದಕ್ಕೊಂದು ಹೊಲಿದ. 1902ರಲ್ಲಿ ಬೇಕರ್ ಸ್ಟ್ರೀಟ್–ವಾಟರ್‌ಲೂ ಮಾರ್ಗವನ್ನು 3,60,000 ಪೌಂಡಿಗೆ ತೆಗೆದುಕೊಂಡ. ಅದರ ಸುರಂಗ ಅರ್ಧಕ್ಕೆ ನಿಂತಿತ್ತು. ಕಟ್ಟಿಸುತ್ತಿದ್ದ ವಿಟೇಕರ್ ರೈಟ್ ಎಂಬ ಹಣಕಾಸಿನ ಕುಳ ಮುಳುಗಿದ್ದ. 1904ರಲ್ಲಿ ವಂಚನೆಗೆ ಶಿಕ್ಷೆಯಾದ ದಿನವೇ ಆತ ಕೋರ್ಟಿನ ಕೊಠಡಿಯಲ್ಲಿ ಸಯನೈಡ್ ನುಂಗಿ ಸತ್ತ.

ಯರ್ಕಿಸ್ ಬಳಿ ಇಷ್ಟಕ್ಕೆಲ್ಲ ಸ್ವಂತ ದುಡ್ಡಿರಲಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ದುಡ್ಡು ಹೊಂದಿಸಿಕೊಟ್ಟವನು ಲಂಡನ್ನಿನ ಬ್ಯಾಂಕರ್ ಎಡ್ಗರ್ ಸ್ಪೇಯರ್. ಏಪ್ರಿಲ್ 1902ರಲ್ಲಿ 50 ಲಕ್ಷ ಪೌಂಡ್ ಬಂಡವಾಳದೊಂದಿಗೆ ನಮ್ಮ ‘ಕಂಬೈನ್’ ನೋಂದಣಿಯಾಯಿತು. ಷೇರುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಹೊರಗೇ ಮಾರಾಟವಾದವು.

ಈಗ ಟ್ರಾಮ್ ಕಥೆಗೆ ಬರೋಣ. ಪಶ್ಚಿಮ ಲಂಡನ್ನಿನಲ್ಲಿ ಜೇಮ್ಸ್ ಕ್ಲಿಫ್ಟನ್ ರಾಬಿನ್ಸನ್ ಎಂಬಾತ ಲಂಡನ್ ಯುನೈಟೆಡ್ ಟ್ರಾಮ್‌ವೇಸ್ ನಡೆಸುತ್ತಿದ್ದ. 1901ರ ಏಪ್ರಿಲ್‌ನಲ್ಲಿ ಷೆಫರ್ಡ್ಸ್ ಬುಷ್, ಹ್ಯಾಮರ್‌ಸ್ಮಿತ್‌ಗಳಿಂದ ಇವನ ಎಲೆಕ್ಟ್ರಿಕ್ ಟ್ರಾಮ್ ಹೊರಟಿತು. ಲಂಡನ್ನಿಗೆ ಅದೇ ಮೊದಲ ಸರಿಯಾದ ಎಲೆಕ್ಟ್ರಿಕ್ ಟ್ರಾಮ್ ಸೇವೆ. ಹೊರಡುವ ಮೊದಲು ಇವನಿಗೆ ಎದುರಾದ ತಕರಾರು ತಮಾಷೆಯದು. ಟ್ರಾಮಿನ ಕರೆಂಟು ಮೇಲಿನ ತಂತಿಯಿಂದ ಬಂದು, ಹಳಿಯ ಮೂಲಕ ವಾಪಸ್ ಹೋಗುತ್ತದೆ. ಹೋಗುವಾಗ ಸ್ವಲ್ಪ ಮಣ್ಣಿಗೂ ಸೋರುತ್ತದೆ. ಹತ್ತಿರದಲ್ಲೇ ಇದ್ದ ‘ಕ್ಯೂ’ ಎಂಬ ಹೆಸರಿನ ವೀಕ್ಷಣಾಲಯದಲ್ಲಿ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅಳೆಯುವ ಸೂಕ್ಷ್ಮ ಸೂಜಿಗಳಿದ್ದವು. ಟ್ರಾಮ್ ಬಂದರೆ ಸೂಜಿ ಅಲ್ಲಾಡುತ್ತದೆ ಎಂದು ವಿಜ್ಞಾನಿಗಳು ಹಟ ಹಿಡಿದರು. ಕೊನೆಗೆ ಸೋತಿದ್ದು ಸೂಜಿ. 1908ರಲ್ಲಿ ಆ ಕೆಲಸವನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ನಿರ್ಜನ ಕಣಿವೆಗೆ ಸಾಗಿಸಿದರು. ನಮ್ಮ ದೇಶದಲ್ಲೂ ಇದೇ ಆಯಿತು ಗೊತ್ತಾ? ಮುಂಬೈಗೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ ಅಂತಾದಾಗ ಕೊಲಾಬಾದ ಅಯಸ್ಕಾಂತ ವೀಕ್ಷಣಾಲಯವನ್ನು ಸಮುದ್ರದಾಚೆ ಅಲಿಬಾಗಿಗೆ ಒಯ್ದರು. ಅದು ಈಗಲೂ ಅಲ್ಲೇ ಇದೆ.

ಇರಲಿ. 1902ರಲ್ಲಿ ಯರ್ಕಿಸ್‌ಗೆ ಭಾರೀ ಎದುರಾಳಿಯೊಬ್ಬ ಹುಟ್ಟಿಕೊಂಡ: ಅಮೆರಿಕದ ಬ್ಯಾಂಕರ್ ಜೆ. ಪಿ. ಮಾರ್ಗನ್. ಹ್ಯಾಮರ್‌ಸ್ಮಿತ್‌ನಿಂದ ಊರ ನಡುವೆ ಹಾದು ಈಶಾನ್ಯಕ್ಕೆ ಹೋಗುವ ತನ್ನದೇ ಟ್ಯೂಬ್ ಬೇಕು ಎಂದು ಪಾರ್ಲಿಮೆಂಟಿಗೆ ಮಸೂದೆ ತಂದ. ಪಶ್ಚಿಮದ ತುದಿಯ ಭಾಗಕ್ಕೆ ಅವನ ಜೊತೆಗಾರ ರಾಬಿನ್ಸನ್ನನ ಟ್ರಾಮ್ ಕಂಪನಿ. ಟ್ರಾಮ್ ಹೊರವಲಯದ ಜನರನ್ನು ತಂದು ಸುರಿಯುತ್ತದೆ, ಟ್ಯೂಬ್ ಊರೊಳಗೆ ಒಯ್ಯುತ್ತದೆ. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ಪಾಲಿನ ವಿಷಯದಲ್ಲಿ ಜೊತೆಗಾರರ ನಡುವೆ ಮುನಿಸು ಬಂತು. ಆ ಸಂದಿಯಲ್ಲಿ ಸ್ಪೇಯರ್ ಸದ್ದಿಲ್ಲದೆ ಟ್ರಾಮ್ ಕಂಪನಿಯ ಷೇರುಗಳನ್ನು ಕೊಂಡುಬಿಟ್ಟ. ಮಾರನೆಯ ದಿನ ಎಂಬಂತೆ ಟ್ರಾಮ್ ಕಂಪನಿ ತನ್ನ ಭಾಗದ ಮಸೂದೆ ಹಿಂತೆಗೆದುಕೊಂಡಿತು. ತಲೆ ಕತ್ತರಿಸಿದ ಮೇಲೆ ಮುಂಡಕ್ಕೇನು ಕೆಲಸ? ಮಾರ್ಗನ್ನನ ಟ್ಯೂಬ್ ಅಲ್ಲಿಗೇ ಸತ್ತಿತು. ಅಂದರೆ ಕಂಬೈನ್‌ಗೆ ಟ್ರಾಮ್ ಬೇಕಾಗಿದ್ದು ಮೊದಲು ಶತ್ರುವಿನ ಕಾಲು ಮುರಿಯಲು. ಅದರ ಉಪಯೋಗ ಹೊಳೆದದ್ದು ಆಮೇಲೆ.

ಇನ್ನೊಂದು ಜಗಳ ಕರೆಂಟಿನದು. ಮೆಟ್ರೊಪಾಲಿಟನ್ ಮತ್ತು ಡಿಸ್ಟ್ರಿಕ್ಟ್ ಒಂದೇ ಸುತ್ತಿನ ಹಳಿ ಹಂಚಿಕೊಂಡಿದ್ದರಿಂದ ಇಬ್ಬರೂ ಒಂದೇ ಬಗೆಯ ವಿದ್ಯುತ್ ಬಳಸಲೇಬೇಕು. ಮೆಟ್ರೊಪಾಲಿಟನ್‌ನವರು ಬುಡಾಪೆಸ್ಟಿನ ಗಾಂಜ್ ಕಂಪನಿಯ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು) ಪದ್ಧತಿ ಬೇಕೆಂದರು. ಯರ್ಕಿಸ್ ಅಮೆರಿಕದಲ್ಲಿ ಪಳಗಿದ ಡಿಸಿಯೇ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಆಗಬೇಕೆಂದ. ಪಂಚಾಯ್ತಿ ಸರ್ಕಾರದವರೆಗೆ ಹೋಗಿ, 1901ರ ಡಿಸೆಂಬರಿನಲ್ಲಿ ಡಿಸಿ ಗೆದ್ದಿತು. ಲಂಡನ್ನಿನ ನೆಲದಡಿಯ ರೈಲಿನ ಹಳಿಗಳನ್ನು ನೋಡಿದರೆ ಎರಡಲ್ಲ, ನಾಲ್ಕು ಪಟ್ಟಿ ಕಾಣುತ್ತವೆ. ಎರಡು ಚಕ್ರಕ್ಕೆ, ಒಂದು ಕರೆಂಟು ಬರಲು, ಇನ್ನೊಂದು ವಾಪಸ್ ಹೋಗಲು. ಟ್ರಾಮಿನ ಹಾಗೆ ಓಡುವ ಹಳಿಯಲ್ಲೇ ವಾಪಸ್ ಕಳಿಸಿದರೆ ಸೋರಿದ ಕರೆಂಟು ಸುರಂಗದ ಕಬ್ಬಿಣವನ್ನೂ ಅಕ್ಕಪಕ್ಕದ ನೀರಿನ ಪೈಪುಗಳನ್ನೂ ತಿನ್ನುತ್ತದೆಂಬ ಭಯ. ನಮ್ಮ ಮೆಟ್ರೋದಲ್ಲಿ ಪಕ್ಕಕ್ಕೆ ಮೂರನೇ ಹಳಿ ಮಾತ್ರ ಇದೆ, 750 ವೋಲ್ಟ್ ಡಿಸಿ.

ಕರೆಂಟು ಬರಬೇಕಲ್ಲ? ಚೆಲ್ಸಿಯಲ್ಲಿ ಥೇಮ್ಸ್ ದಡಕ್ಕೆ ಲಾಟ್ಸ್ ರೋಡ್ ವಿದ್ಯುತ್ ಸ್ಥಾವರ ಎದ್ದಿತು. 275 ಅಡಿ ಎತ್ತರದ ನಾಲ್ಕು ಚಿಮಣಿ. ಕಲ್ಲಿದ್ದಲು ದೋಣಿಯಲ್ಲಿ ಬಂದು ಇಳಿಯುತ್ತಿತ್ತು. ದಿನಕ್ಕೆ ಸುಮಾರು 700 ಟನ್ ಸುಡುತ್ತಿತ್ತು. 1905ರಲ್ಲಿ ಶುರುವಾಗಿ 2002ರವರೆಗೆ ಅದು ಲಂಡನ್ನಿನ ರೈಲುಗಳಿಗೆ ಕರೆಂಟು ಕೊಟ್ಟಿತು.

ಯರ್ಕಿಸ್ ತನ್ನ ಒಂದು ಟ್ಯೂಬನ್ನೂ ಕಣ್ಣಾರೆ ನೋಡಲಿಲ್ಲ. 1905ರ ಡಿಸೆಂಬರ್ 29ರಂದು ನ್ಯೂಯಾರ್ಕಿನಲ್ಲಿ ಸತ್ತ. ಮೂರು ತಿಂಗಳು ಕಳೆಯುವುದರೊಳಗೆ, 1906ರ ಮಾರ್ಚ್ 10ರಂದು, ಬೇಕರ್ ಸ್ಟ್ರೀಟ್–ವಾಟರ್‌ಲೂ ತೆರೆಯಿತು. ಪತ್ರಿಕೆಯೊಂದರಲ್ಲಿ ಎರಡು ಹೆಸರನ್ನೂ ಕುಟ್ಟಿ ‘ಬೇಕರ್‌ಲೂ’ ಎಂದು ಬರೆದರು. ಕಂಪನಿ ನಾಚಿಕೆಯಿಲ್ಲದೆ ಅದನ್ನೇ ಇಟ್ಟುಕೊಂಡಿತು. ಡಿಸೆಂಬರಿನಲ್ಲಿ ಪಿಕಡಿಲಿ. 1907ರ ಜೂನ್ 22ಕ್ಕೆ ಹ್ಯಾಂಪ್‌ಸ್ಟೆಡ್ ಮಾರ್ಗವನ್ನು ಆಗ ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ ಉದ್ಘಾಟಿಸಿದ. ಮೊದಲ ದಿನ ಉಳಿದ ಹೊತ್ತೆಲ್ಲ ಪುಕ್ಕಟೆ ಪ್ರಯಾಣ. ಲಕ್ಷಕ್ಕೂ ಹೆಚ್ಚು ಜನ ಬಂದರು.

ದುಡ್ಡು ಕೊಟ್ಟು ಬರುವವರು ಅಷ್ಟು ಬರಲಿಲ್ಲ. ಮೊದಲ ವರ್ಷ ಬೇಕರ್‌ಲೂನಲ್ಲಿ 3.5 ಕೋಟಿ ಪ್ರಯಾಣಿಕರು ಬರುತ್ತಾರೆ ಎಂದು ಅಂದಾಜಿತ್ತು, ಬಂದದ್ದು 2.05 ಕೋಟಿ. ಪಿಕಡಿಲಿಗೆ 6 ಕೋಟಿ ಎಂದಿದ್ದರು, ಬಂದದ್ದು 2.6 ಕೋಟಿ. ಹ್ಯಾಂಪ್‌ಸ್ಟೆಡ್‌ಗೆ 5 ಕೋಟಿ ಎಂದಿದ್ದಲ್ಲಿ 2.5 ಕೋಟಿ. ಕರೆಂಟು ಹಾಕಿಸಿದ ಡಿಸ್ಟ್ರಿಕ್ಟ್ ರೈಲ್ವೆಗೂ 10 ಕೋಟಿಯ ಕನಸು 5.5 ಕೋಟಿಗೆ ಇಳಿಯಿತು. ಅದೇ ಹೊತ್ತಿಗೆ ರಸ್ತೆ ಮೇಲೆ ಮೋಟಾರ್ ಬಸ್ಸು ಬಂದಿತ್ತು. ಊರಾಚೆಯ ಟ್ರಾಮ್‌ಗಳೂ ಕರೆಂಟಾಗಿದ್ದವು. ಎಲ್ಲರೂ ಎಲ್ಲರ ಜೊತೆ ದರ ಇಳಿಸುವ ಪೈಪೋಟಿಯಲ್ಲಿದ್ದರು.

ಸಾಲದ ಲೆಕ್ಕ ಹೀಗಿತ್ತು. ನೀವು ಇನ್ನೂ ಅಭಿವೃದ್ಧಿಯಾಗದ ಲೇಔಟಿನಲ್ಲಿ ಸೈಟು ಹಿಡಿದಿದ್ದೀರಿ ಅಂದುಕೊಳ್ಳಿ. ಆ ಸೈಟಿನ ಪತ್ರ ಅಡ ಇಟ್ಟು, ಅದರ ಮೇಲೇ ಮನೆ ಕಟ್ಟಲು ಸಾಲ ತರುತ್ತೀರಿ. ಐದಾರು ವರ್ಷದಲ್ಲಿ ರೇಟು ಏರುತ್ತದೆ, ಒಂದು ಭಾಗ ಮಾರಿ ತೀರಿಸಿದರಾಯಿತು ಎಂಬ ಧೈರ್ಯ. ಕಂಪನಿಯೂ ತನ್ನದೇ ರೈಲುಗಳ ಷೇರುಗಳನ್ನು ಅಡ ಇಟ್ಟು 70 ಲಕ್ಷ ಪೌಂಡಿನ ಸಾಲಪತ್ರಗಳನ್ನು ಮಾರಿತ್ತು. ಶೇಕಡಾ 5 ಬಡ್ಡಿ, ಲಾಭ ಬಂದರೆ ಅದರಲ್ಲೂ ಪಾಲು. ವಾಯಿದೆ 1908ರ ಜೂನ್ 30. ಷೇರಿನ ರೇಟು ಏರಲಿಲ್ಲ, ಇಳಿಯಿತು. ಅಡ ಇಟ್ಟ ಸೈಟಿಗೆ ಗಿರಾಕಿಯೇ ಇಲ್ಲ, ಬ್ಯಾಂಕಿನವರು ಬಾಗಿಲಲ್ಲಿ. ಸ್ಪೇಯರ್ ತನ್ನ ಬ್ಯಾಂಕಿನಿಂದಲೂ ಕೈಯಿಂದಲೂ ಒಂದಷ್ಟು ಕಟ್ಟಿ ಕೋರ್ಟಿಗೆ ಹೋಗುವವರನ್ನು ತಡೆದ. ಸಾಲ ಕೊಟ್ಟವರ ಕೈಕಾಲು ಹಿಡಿದು ಕಡಿಮೆ ಅವಧಿಯ ಸಾಲವನ್ನು ದೀರ್ಘಾವಧಿಗೆ ಬದಲಾಯಿಸಿದರು. ಕಂಪನಿ ಕೂದಲೆಳೆಯಲ್ಲಿ ಬದುಕಿತು. ಹೀಗೆ ಲಂಡನ್ನಿನ ಟ್ಯೂಬ್ ಉಳಿಸಿದ ಸ್ಪೇಯರ್ ಜರ್ಮನ್ ಮೂಲದವನೆಂದು ಮೊದಲ ಮಹಾಯುದ್ಧದ ಹೊತ್ತಿಗೆ ಅವನ ಮೇಲೆ ಹರಿಹಾಯ್ದರು. 1915ರಲ್ಲಿ ದೇಶ ಬಿಟ್ಟ. 1921ರಲ್ಲಿ ಪೌರತ್ವವನ್ನೂ ಕಿತ್ತುಕೊಂಡರು.

ಚೇತರಿಕೆ ಶುರುವಾದದ್ದು ಆಲ್ಬರ್ಟ್ ಸ್ಟ್ಯಾನ್ಲಿಯಿಂದ. ಇಂಗ್ಲೆಂಡಿನ ಡರ್ಬಿ ಹತ್ತಿರ ಹುಟ್ಟಿ, ಡೆಟ್ರಾಯಿಟ್‌ನಲ್ಲಿ ಬೆಳೆದು, ಹದಿಹರೆಯದಲ್ಲೇ ಅಲ್ಲಿನ ಟ್ರಾಮ್ ಕಂಪನಿ ಸೇರಿದವನು. 1907ರಲ್ಲಿ ಲಂಡನ್ನಿಗೆ ಬಂದಾಗ ಅವನಿಗೆ 32 ವರ್ಷ. ಮುಂದೆ ಲಾರ್ಡ್ ಆ್ಯಶ್‌ಫೀಲ್ಡ್ ಆದ. ಅವನ ಜೊತೆ ಪ್ರಚಾರದ ಕೆಲಸಕ್ಕೆ ಫ್ರಾಂಕ್ ಪಿಕ್ ಎಂಬ ವಕೀಲಿ ಓದಿದ ಯುವಕ. 1908ರಲ್ಲಿ ಪೈಪೋಟಿಯಲ್ಲಿದ್ದ ರೈಲು ಕಂಪನಿಗಳನ್ನೆಲ್ಲ ಒಪ್ಪಿಸಿ ‘ಅಂಡರ್‌ಗ್ರೌಂಡ್’ ಎಂಬ ಒಂದೇ ಹೆಸರು, ಒಂದೇ ನಕ್ಷೆ ತಂದರು. ಸ್ಟೇಷನ್ ಗೋಡೆಯ ಜಾಹೀರಾತುಗಳ ಜಾತ್ರೆಯಲ್ಲಿ ಸ್ಟೇಷನ್ನಿನ ಹೆಸರೇ ಕಾಣುತ್ತಿರಲಿಲ್ಲ. ಕೆಂಪು ವೃತ್ತದ ಮೇಲೆ ನೀಲಿ ಪಟ್ಟಿ ಹಾಕಿ ಅದರಲ್ಲಿ ಹೆಸರು ಬರೆದರು. ಇವತ್ತು ಟೀ ಶರ್ಟಿನ ಮೇಲೂ ಕಾಣುವ ಆ ಗುರುತು ಹುಟ್ಟಿದ್ದು ಇಷ್ಟು ಸಣ್ಣ ಕಷ್ಟಕ್ಕೆ. 1916ರಲ್ಲಿ ಅಕ್ಷರ ಕಲಾವಿದ ಎಡ್ವರ್ಡ್ ಜಾನ್‌ಸ್ಟನ್ ಫಲಕಗಳಿಗೆಂದು ಬರೆದುಕೊಟ್ಟ ಅಕ್ಷರಗಳೂ ಬಂದವು.

ಆದರೆ ಅಂದದ ಫಲಕ ಸಾಲ ತೀರಿಸುವುದಿಲ್ಲ. ತೀರಿಸಿದ್ದು ಬಸ್ಸು. ಲಂಡನ್ ಜನರಲ್ ಆಮ್ನಿಬಸ್ ಕಂಪನಿ 1910ರಲ್ಲಿ ‘ಬಿ ಟೈಪ್’ ಎಂಬ ಮೋಟಾರ್ ಬಸ್ಸು ತಂದಿತು. ಕೆಡದ, ಅಗ್ಗದ, ಎಲ್ಲಿ ಬೇಕಾದರೂ ತಿರುಗುವ ಗಾಡಿ. ಮುಂದಿನ ವರ್ಷದ ಹೊತ್ತಿಗೆ ಕುದುರೆಗಳನ್ನೆಲ್ಲ ಮನೆಗೆ ಕಳಿಸಿತು. ಅದು ಷೇರುದಾರರಿಗೆ ಶೇಕಡಾ 18 ಲಾಭಾಂಶ ಕೊಡುತ್ತಿದ್ದಾಗ ಕಂಬೈನ್‌ನ ರೈಲುಗಳು 1ರಿಂದ 3 ಕೊಡಲು ಏದುಸಿರು ಬಿಡುತ್ತಿದ್ದವು. 1912ರಲ್ಲಿ ಕಂಬೈನ್ ಆ ಬಸ್ ಕಂಪನಿಯನ್ನೇ ಕೊಂಡಿತು. 1913ರ ಮೊದಲ ದಿನ ಇನ್ನೆರಡು ಟ್ಯೂಬುಗಳೂ ಬುಟ್ಟಿಗೆ ಬಿದ್ದವು.

1915ರಲ್ಲಿ ಪಾರ್ಲಿಮೆಂಟ್ ಒಪ್ಪಿಗೆಯಿಂದ ‘ಕಾಮನ್ ಫಂಡ್’ ಬಂತು. ನಮ್ಮ ಕೂಡು ಕುಟುಂಬದ ಲೆಕ್ಕ ಇದು. ದುಡಿದದ್ದನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಯಿಂದ ಒಬ್ಬೊಬ್ಬರಿಗೆ ಇಂತಿಷ್ಟು ಪಾಲು. ಬಸ್ಸು ಇಲ್ಲಿ ಚೆನ್ನಾಗಿ ದುಡಿಯುವ ಮಗ. ಟ್ಯೂಬು ದೊಡ್ಡ ಓದು ಓದಿ, ಸಾಲ ತಲೆ ಮೇಲೆ ಹೊತ್ತುಕೊಂಡ ಅಣ್ಣ. ಬಸ್ಸಿಗೆ ಇದು ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ. ಆದರೆ ಒಂದೇ ಪೆಟ್ಟಿಗೆ ಆದ ಮೇಲೆ ಬಸ್ಸು ಟ್ಯೂಬಿನ ಮೇಲೆಯೇ ಓಡಿ ಗಿರಾಕಿ ಕಸಿಯುವ ಅಗತ್ಯ ಹೋಯಿತು. ಬಸ್ಸನ್ನು ಟ್ಯೂಬಿನ ತುದಿಗೆ ತಂದು ನಿಲ್ಲಿಸಿದರು.

ಹ್ಯಾಂಪ್‌ಸ್ಟೆಡ್ ಮಾರ್ಗದ ಉತ್ತರ ತುದಿಯ ಗೋಲ್ಡರ್ಸ್ ಗ್ರೀನ್ ಇದಕ್ಕೆ ಒಳ್ಳೆಯ ಸಾಕ್ಷಿ. 1907ರಲ್ಲಿ ಟ್ಯೂಬ್ ನೆಲದ ಮೇಲೆ ಬಂದು ನಿಂತಾಗ ಅಲ್ಲಿದ್ದದ್ದು ಒಂದು ಕೂಡುರಸ್ತೆ, ಸುತ್ತ ಹೊಲ. ಹೊಲದ ಮಧ್ಯೆ ರೈಲು ಯಾಕೆ ಎಂದು ನಕ್ಕಿರಬೇಕು. ಕೆಲವೇ ವರ್ಷಗಳಲ್ಲಿ ಟ್ರಾಮ್ ಬಂತು, ಬಸ್ಸು ಬಂತು, ಮನೆಗಳ ಸಾಲು ಬಂತು. ಅದಕ್ಕೆ ತದ್ವಿರುದ್ಧ ಕಥೆ ಪಕ್ಕದಲ್ಲೇ ಇದೆ. ಹ್ಯಾಂಪ್‌ಸ್ಟೆಡ್ ಹೀತ್‌ನ ಅಡಿಯಲ್ಲಿ ನಾರ್ತ್ ಎಂಡ್ ಎಂಬ ಸ್ಟೇಷನ್ನಿಗೆ ಪ್ಲಾಟ್‌ಫಾರ್ಮ್ ತನಕ ಕೊರೆದಿದ್ದರು. ಮೇಲಿನ ಜಾಗದಲ್ಲಿ ಮನೆ ಕಟ್ಟದ ಹಾಗೆ ಹಸಿರು ಬಯಲನ್ನು ಉಳಿಸಿಕೊಂಡರು. ಮನೆಯಿಲ್ಲದ ಮೇಲೆ ಪ್ರಯಾಣಿಕರೆಲ್ಲಿ? ಆ ಸ್ಟೇಷನ್ನು ಒಂದು ದಿನವೂ ತೆರೆಯಲಿಲ್ಲ.

ಇಷ್ಟರ ಮಧ್ಯೆ ಟ್ರಾಮ್ ಏನಾಯಿತು? 1912ರ ಕೊನೆಗೆ ಕಂಬೈನ್ ಇನ್ನೊಂದು ಟ್ರಾಮ್ ಗುಂಪಿನ ಜೊತೆ ಸೇರಿ ಲಂಡನ್ ಅಂಡ್ ಸಬರ್ಬನ್ ಟ್ರಾಕ್ಷನ್ ಕಂಪನಿ ಮಾಡಿ, ಪಶ್ಚಿಮದ, ಉತ್ತರದ ಹೊರವಲಯದ ಟ್ರಾಮ್‌ಗಳನ್ನು ಅದರಡಿ ತಂದಿತು. ನಗರದ ಕೌನ್ಸಿಲ್ ನಡೆಸುತ್ತಿದ್ದ ದೊಡ್ಡ ಟ್ರಾಮ್ ಜಾಲ ಮಾತ್ರ ಹೊರಗೇ ಉಳಿಯಿತು. ಖಾಸಗಿ ಟ್ರಾಮ್‌ಗಳ ಕೊರಳಿಗೆ 1870ರ ಕಾಯ್ದೆ ಕಲ್ಲಿನ ಹಾಗೆ ನೇತಾಡುತ್ತಿತ್ತು. ಹಳಿಗಳ ನಡುವಿನ ರಸ್ತೆಯನ್ನೂ, ಎರಡೂ ಬದಿಗೆ 18 ಇಂಚು ರಸ್ತೆಯನ್ನೂ ಟ್ರಾಮ್ ಕಂಪನಿಯೇ ರಿಪೇರಿ ಮಾಡಿಸಬೇಕು. ಟ್ರಾಮಿನವನು ದುಡ್ಡು ಸುರಿದು ನುಣುಪು ಮಾಡಿಟ್ಟ ರಸ್ತೆಯ ಮೇಲೆ ಬಸ್ಸಿನವನು ಪುಕ್ಕಟೆ ಓಡಿಸಿ ಅವನದೇ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಗುತ್ತಿದ್ದ. 21 ವರ್ಷ ಕಳೆದ ಮೇಲೆ ಸ್ಥಳೀಯ ಆಡಳಿತ ಕೇಳಿದರೆ ಟ್ರಾಮನ್ನು ಬಿಟ್ಟುಕೊಡಲೂಬೇಕು. ಇಂಥ ಸೊತ್ತಿಗೆ ಯಾರು ಹೊಸ ಬಂಡವಾಳ ಹಾಕುತ್ತಾರೆ ಹೇಳಿ.

ಆದರೂ ಕೊನೆಗೊಮ್ಮೆ ಹಾಕಿದರು. ಕಂಬೈನ್‌ನದೇ ಕಾರ್ಖಾನೆ ಫೆಲ್ತಮ್‌ನಲ್ಲಿತ್ತು. ಅಲ್ಲಿ 1930ರ ಆಸುಪಾಸಿನಲ್ಲಿ ನೂರು ಹೊಸ ಟ್ರಾಮ್ ಕಟ್ಟಿದರು. ಚಾಲಕನಿಗೆ ಗಾಳಿ ಮಳೆ ತಗುಲದ ಕೋಣೆ, ಮೆತ್ತನೆಯ ಸೀಟು, ಹಳೆಯ ಟ್ರಾಮ್‌ಗಳ ಮುಂದೆ ಅರಮನೆ. ಆದರೆ 1931ರ ಮೇ ತಿಂಗಳಲ್ಲಿ ಅದೇ ಗುಂಪಿನ ಲಂಡನ್ ಯುನೈಟೆಡ್ ಟ್ರಾಮ್‌ವೇಸ್ ಟ್ವಿಕೆನ್‌ಹ್ಯಾಮ್ ಕಡೆ ಹಳಿಯನ್ನೇ ಬಿಟ್ಟು, ತಂತಿ ಹಿಡಿದು ರಬ್ಬರ್ ಗಾಲಿಯಲ್ಲಿ ಓಡುವ ಟ್ರಾಲಿಬಸ್ಸು ಇಳಿಸಿತು. ಒಂದು ಕೈಯಲ್ಲಿ ಟ್ರಾಮಿಗೆ ಹೊಸ ಬಟ್ಟೆ ಹೊಲಿಸುತ್ತಾ, ಇನ್ನೊಂದು ಕೈಯಲ್ಲಿ ಅದಕ್ಕೆ ಗುಂಡಿ ತೋಡುತ್ತಿದ್ದರು. ಲಂಡನ್ನಿನ ಹಳೆಯ ಟ್ರಾಮ್ 1952ರ ಜುಲೈನಲ್ಲಿ ಕೊನೆಯ ಸಲ ಓಡಿತು. ಫೆಲ್ತಮ್ ಟ್ರಾಮ್‌ಗಳಲ್ಲಿ ಹೆಚ್ಚಿನವು ಅಷ್ಟರೊಳಗೆ ಲೀಡ್ಸ್ ನಗರದ ಪಾಲಾಗಿದ್ದವು.

ಕಂಪನಿಯ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. 1933ರ ಜುಲೈ 1ರಂದು ಲಂಡನ್ ಪ್ಯಾಸೆಂಜರ್ ಟ್ರಾನ್ಸ್‌ಪೋರ್ಟ್ ಬೋರ್ಡ್ ಎಂಬ ಸಾರ್ವಜನಿಕ ಸಂಸ್ಥೆ ಬಂದು ಕಂಬೈನ್, ಮೆಟ್ರೊಪಾಲಿಟನ್, ಕೌನ್ಸಿಲ್ ಟ್ರಾಮ್, ಸಣ್ಣಪುಟ್ಟ ಬಸ್ಸು ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿತು. ಅಧ್ಯಕ್ಷ ಯಾರು? ಅದೇ ಆ್ಯಶ್‌ಫೀಲ್ಡ್. ಆಡಳಿತ ಯಾರದು? ಅದೇ ಪಿಕ್. ಬೋರ್ಡು ಬದಲಾಯಿತು, ಕುರ್ಚಿ ಬದಲಾಗಲಿಲ್ಲ.

ಇನ್ನು ಆ ಕೆಂಪು ಸ್ಟೇಷನ್ನುಗಳ ತಾರಸಿ. ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಲೆಕ್ಕ ಫಲಿಸಿತು. ಅಲ್ಲಿ ಕೆಂಪು ಟೈಲ್ಸಿನ ಎರಡು ಅಂತಸ್ತಿನ ಮೇಲೆ ಇಟ್ಟಿಗೆಯ ಮಹಡಿಗಳು ನಿಂತಿರುವುದನ್ನು ಈಗಲೂ ನೋಡಬಹುದು. ಚಾಕ್ ಫಾರ್ಮ್ ಮತ್ತು ರಸೆಲ್ ಸ್ಕ್ವೇರ್‌ಗಳಲ್ಲಿ ಬಾಡಿಗೆಗೆ ಯಾರೂ ಬರಲಿಲ್ಲ. ಉಕ್ಕಿನ ಚೌಕಟ್ಟು ಒಳಗೆ ಹಾಗೇ ಇದೆ, ಮೇಲೆ ಮಳೆ ಬೀಳುತ್ತದೆ.